ಆಲಿಕಲ್ಲಿನ ಗಂಟೆಯ ನಾಲಗೆ ನನ್ನ ಮನೆಯಲ್ಲಿದೆ

ನಮ್ಮೂರ ಪ್ರವಾಸೋದ್ಯಮ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಗೋಪುರದ ಗಂಟೆಯ ನಾಲಗೆಯನ್ನು 'ಯಾರೋ ದುಷ್ಕರ್ಮಿಗಳು' ಕದ್ದೊಯ್ದಿದ್ದಾರೆಂದು ತಾವು ಪ್ರಕಟಣೆ ಹೊರಡಿಸಿದ್ದೀರಿ. ಬಹುವಚನ ಕೊಟ್ಟು ಗೌರವಿಸಿದ್ದಕ್ಕೆ ಕೃತಜ್ಞಳು, ಆದರೆ ನಾನು ಒಬ್ಬಳೇ. ಪೊಲೀಸರನ್ನು ಸುಮ್ಮನೆ ಅಲೆದಾಡಿಸಬೇಡಿ. ನಾಲಗೆ ನನ್ನ ಅಡುಗೆಮನೆಯ ಬೆಂಚಿನ ಕೆಳಗೆ, ಗೋಣಿಚೀಲದ ಮೇಲೆ ಆರಾಮಾಗಿ ಮಲಗಿದೆ. ನಮ್ಮ ಬೆಕ್ಕು ಅದಕ್ಕೆ ಬೆನ್ನು ಉಜ್ಜಿಕೊಳ್ಳುತ್ತದೆ. ಕದ್ದವಳು ನಾನೇ ಎಂದು ಊರಿಗೆಲ್ಲ ತಿಳಿಯುವಂತೆ ಪತ್ರಿಕೆಯಲ್ಲೇ ಒಪ್ಪಿಕೊಳ್ಳುತ್ತಿದ್ದೇನೆ. ತಾವು ನಮ್ಮಿಂದ ಕಿತ್ತುಕೊಂಡದ್ದನ್ನೂ ಹೀಗೆಯೇ ಬಹಿರಂಗವಾಗಿ ಒಪ್ಪಿಕೊಳ್ಳಬೇಕು ಎಂಬುದಕ್ಕಾಗಿಯೇ ಈ ಪತ್ರ.

ಇದನ್ನು ಓದುವ ಬೇರೆ ಊರಿನವರಿಗಾಗಿ, ಮತ್ತು ಇದೇ ಊರಲ್ಲಿ ಸಂಬಳ ಪಡೆಯುತ್ತಿದ್ದರೂ ಬೇರೆ ಊರಿನವರಾಗಿಯೇ ಉಳಿದ ತಮಗಾಗಿ, ಗಂಟೆ ಏಕಿದೆ ಎಂದು ಮೊದಲು ಹೇಳಿಬಿಡುತ್ತೇನೆ. ನಮ್ಮೂರಿನ ಬದುಕು ಗುಡ್ಡದ ಇಳಿಜಾರಿನ ದ್ರಾಕ್ಷಿ ತೋಟಗಳಲ್ಲಿದೆ. ಕಾಯಿ ತುಂಬಿಕೊಳ್ಳುವ ದಿನಗಳಲ್ಲೇ ಗುಡ್ಡದ ಬೆನ್ನ ಹಿಂದಿನಿಂದ ಆಲಿಕಲ್ಲಿನ ಮೋಡ ಬರುತ್ತದೆ. ಬಂದರೆ ಮೊದಲು ಬಡಿಯುವುದು ಮೇಲಿನ ತೋಟಗಳಿಗೆ. ಪ್ರತಿ ಸಾಲಿನ ನೆತ್ತಿಯಲ್ಲೂ ಬಲೆ ಸುತ್ತಿಟ್ಟಿರುತ್ತೇವೆ. ಅದನ್ನು ಬಳ್ಳಿಯ ಮೇಲೆ ಇಳಿಸಲು ಸಾಲಿನ ಆಚೆ ಒಬ್ಬರು, ಈಚೆ ಒಬ್ಬರು ಬೇಕು. ಒಬ್ಬರೇ ಎಳೆದರೆ ಬಲೆ ತಂತಿಗೆ ಸಿಕ್ಕಿ ಹರಿಯುತ್ತದೆ. ಹಾಗಾಗಿ ಮೇಲಿನ ಒಂದೊಂದು ತೋಟಕ್ಕೂ ಕೆಳಗಿನ ಒಂದೊಂದು ಮನೆ 'ಬಲೆಜೊತೆ'. ಗಂಟೆ ಬಿಡದೆ ಬಡಿದುಕೊಂಡರೆ ಕೆಳಗಿನವರು ತಮ್ಮ ತೋಟವನ್ನು ಹಾಗೇ ಬಿಟ್ಟು ಮೇಲಕ್ಕೆ ಓಡುತ್ತಾರೆ. ಮೇಲಿನದು ಮುಚ್ಚಿದ ಮೇಲೆ ಎಲ್ಲರೂ ಕೂಡಿ ಕೆಳಕ್ಕೆ ಓಡುತ್ತಾರೆ. ಇದಕ್ಕೆ ಕಾನೂನಿಲ್ಲ, ಆಣೆಯಿಲ್ಲ. ಗಂಟೆ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯೊಂದೇ ಆಧಾರ. ಅಜ್ಜಿ ಬಾರಿಸಿದಳು, ಅಮ್ಮ ಬಾರಿಸಿದಳು, ಆಮೇಲೆ ನಾನು. ಮದುವೆಗಾಗಲಿ ಸಾವಿಗಾಗಲಿ, ತಮ್ಮಂಥ ದೊಡ್ಡವರು ಊರಿಗೆ ಬಂದಾಗಾಗಲಿ, ನಾವು ಅದನ್ನು ಬಾರಿಸಿದವರಲ್ಲ.

ತಾವು ಬಂದಿರಿ. ವೈನ್ ಕುಡಿಯಲು ಬರುವ ಜನ ಮಧ್ಯಾಹ್ನಕ್ಕೇ ವಾಪಸು ಹೋಗುತ್ತಾರೆ, ಅವರನ್ನು ಸಂಜೆಯವರೆಗೆ ಹಿಡಿದಿಡಬೇಕು ಎಂದಿರಿ. ಊರಿನ ಒಂದೊಂದೇ ವಸ್ತುವಿನ ಮುಂದೆ ಬೋರ್ಡು ಎದ್ದಿತು. ಹಳೆಯ ನೆಲಮಾಳಿಗೆಗೆ ಬಣ್ಣಬಣ್ಣದ ದೀಪ ಹಾಕಿಸಿದಿರಿ. ಖಾಲಿ ಪೀಪಾಯಿಯೊಳಗೆ ಕೂತು ಫೋಟೊ ತೆಗೆಸಿಕೊಳ್ಳಲು ಏಣಿ ಇಡಿಸಿದಿರಿ. ದ್ರಾಕ್ಷಿ ತುಳಿಯುವ ತೊಟ್ಟಿಗೆ, ಹಣ್ಣಿಲ್ಲದ ಕಾಲದಲ್ಲೂ ಪ್ರವಾಸಿಗರು ನಿರಾಶರಾಗಬಾರದೆಂದು, ನೇರಳೆ ಬಣ್ಣದ ಪ್ಲಾಸ್ಟಿಕ್ ಚೆಂಡು ತುಂಬಿಸಿದಿರಿ. ದೊಡ್ಡ ದೊಡ್ಡ ಗಂಡಸರು ಪ್ಯಾಂಟು ಮಡಚಿಕೊಂಡು ಪ್ಲಾಸ್ಟಿಕ್ ತುಳಿಯುವುದನ್ನು ನೋಡಿ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು, ಅಷ್ಟಕ್ಕೆ ಬಿಟ್ಟೆವು. ಯಾರಿಗೂ ನಷ್ಟವಿರಲಿಲ್ಲ. ಆಮೇಲೆ ಏಳನೆಯ ಆಕರ್ಷಣೆ ಬಂತು: 'ಆಲಿಕಲ್ಲಿನ ಗಂಟೆ: ನೀವೇ ಬಾರಿಸಿ!' ಕೆಳಗೆ ಸಣ್ಣಕ್ಷರದಲ್ಲಿ ಸೂಚನೆ: 'ಊರಿಗೆ ಅಪಾಯ ಬಂದಿದೆ ಎಂಬಂತೆ, ಬಿಡದೆ, ಅವಸರವಾಗಿ ಬಾರಿಸಿದರೆ ನಿಜವಾದ ಅನುಭವ ಸಿಗುತ್ತದೆ.'

ನಾನು ತಮ್ಮ ಕಚೇರಿಗೆ ಬಂದದ್ದು ನೆನಪಿದೆಯೇ? ತಾವು ಕುರ್ಚಿ ಕೊಟ್ಟಿರಿ, ಕಾಫಿ ತರಿಸಿದಿರಿ, ಬಹಳ ಮೃದುವಾಗಿ ಮಾತಾಡಿದಿರಿ.

"ನೋಡಿ ಅಮ್ಮಾ, ಈಗ ಎಲ್ಲರ ಕೈಯಲ್ಲೂ ಫೋನಿದೆ. ಮಳೆ, ಗಾಳಿ ಎಲ್ಲ ಅದರಲ್ಲೇ ಗೊತ್ತಾಗುತ್ತೆ. ಗಂಟೆ ಅನ್ನೋದು ಇನ್ನು ನಮ್ಮ ಪರಂಪರೆ."

"ತೋಟದಲ್ಲಿ ಇರೋರ ಕೈಯಲ್ಲಿ ಕತ್ತರಿ ಇರುತ್ತೆ ಸಾರ್, ಫೋನಲ್ಲ," ಎಂದೆ. "ಫೋನು ಹೇಳೋದು ಇಡೀ ಜಿಲ್ಲೆಗೆ. ಈ ಗುಡ್ಡದ ಹಿಂದೆ ಏನಿದೆ ಅಂತ ಗೋಪುರದ ಕಿಟಕಿಯಿಂದಲೇ ನೋಡ್ಬೇಕು."

ತಾವು ನಕ್ಕಿರಿ. ಗೋಪುರದ ಬೀಗದಕೈ ಈಸಿಕೊಂಡು, ಬದಲಿಗೆ 'ಪರಂಪರೆಯ ಪಾಲಕಿ' ಎಂಬ ಪ್ರಮಾಣಪತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಕೊಟ್ಟಿರಿ. ಚೌಕಟ್ಟು ಚೆನ್ನಾಗಿದೆ. ಅದರಲ್ಲಿ ಈಗ ಬೆಕ್ಕಿನ ಫೋಟೊ ಇದೆ.

ಮೊದಲ ದಿನ ಗಂಟೆ ಬಡಿದಾಗ ಅರ್ಧ ಊರು ಗುಡ್ಡ ಹತ್ತಿತು. ಎಲ್ಲರಿಗಿಂತ ಮುಂದೆ ಓಟದ ಮಾವ. ಅವರು ನನ್ನ ಅಕ್ಕನ ತೋಟದ ಬಲೆಜೊತೆ. ಪ್ರಾಯದಲ್ಲಿ ಯಾವ ಗಂಟೆಗೂ ಅವರಿಗಿಂತ ಮೊದಲು ಮೇಲೆ ಮುಟ್ಟಿದವರಿಲ್ಲ, ಹಾಗೆ ಬಂದ ಹೆಸರು. ವಯಸ್ಸಾದ ಮೇಲೂ ಓಟ ಬಿಟ್ಟಿರಲಿಲ್ಲ. ಅವತ್ತು ಕೈಯಲ್ಲಿದ್ದ ತುತ್ತು ತಟ್ಟೆಗೆ ಹಾಕಿ ಓಡಿದರು. ಮೇಲೆ ಹೋಗಿ ನೋಡಿದರೆ ಆಕಾಶ ತೊಳೆದಿಟ್ಟ ಹಾಗಿದೆ, ಗೋಪುರದಲ್ಲಿ ಹೊಸದಾಗಿ ಮದುವೆಯಾದ ಜೋಡಿ ಕೈಬೀಸುತ್ತಿದೆ. ಪ್ರವಾಸಿಗರು ಚಪ್ಪಾಳೆ ತಟ್ಟಿದರು. ತಮ್ಮ ಕಚೇರಿ ಆ ಓಟದ ವಿಡಿಯೊವನ್ನು 'ಗಂಟೆಗೆ ಓಡುವ ಊರು' ಎಂದು ಜಾಹೀರಾತಿಗೇ ಹಾಕಿಕೊಂಡಿತು. ಮರುದಿನ ಕಾಲುಭಾಗ ಜನ ಓಡಿದರು. ಆಮೇಲೆ ಮಾವ ಮತ್ತು ಇನ್ನಿಬ್ಬರು. ಆಮೇಲೆ ಮಾವ ಕೂಡ ಅಂಗಳಕ್ಕೆ ಬಂದು ಮೋಡ ನೋಡಿ ಒಳಗೆ ಹೋಗತೊಡಗಿದರು. ಕೊನೆಗೆ ಅಂಗಳಕ್ಕೂ ಬರಲಿಲ್ಲ. ಒಂದಿಡೀ ಊರಿಗೆ ಓಡದಿರುವುದನ್ನು ಕಲಿಸಿದಿರಲ್ಲ, ಆ ಸಾಧನೆಗೂ ಒಂದು ಬೋರ್ಡು ಹಾಕಿಸಬಹುದಿತ್ತು.

ಅಂದು ಮಧ್ಯಾಹ್ನ ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ. ಗುಡ್ಡದ ನೆತ್ತಿಯ ಮೇಲೆ ಮೋಡದ ಹೊಟ್ಟೆ ಹಸಿರು ತಿರುಗಿದ್ದು ಕಂಡಿತು. ಕೈ ಒರೆಸಿಕೊಳ್ಳದೆ ಗೋಪುರಕ್ಕೆ ಓಡಿದೆ. ಅಲ್ಲಿ ಸರತಿ ಸಾಲು. ಟಿಕೆಟ್ ಕಿಟಕಿಯ ಗುಮಾಸ್ತ ಅಡ್ಡ ಬಂದ.

"ಸಾಲಲ್ಲಿ ಬನ್ನಿ ಅಮ್ಮಾ."

"ಆಲಿಕಲ್ಲು ಬರ್ತಾ ಇದೆ ಕಣಪ್ಪಾ, ದಾರಿ ಬಿಡು."

"ಎಲ್ಲರೂ ಅದನ್ನೇ ಹೇಳ್ತಾರೆ. ಬೋರ್ಡಲ್ಲೇ ಬರೆದಿದೆಯಲ್ಲ."

ಅವನನ್ನು ಬೈಯಲಾರೆ, ಅವನು ಓದಿದ್ದು ತಮ್ಮ ಬೋರ್ಡನ್ನು. ತಳ್ಳಿಕೊಂಡು ಮೇಲೆ ಹತ್ತಿದೆ. ಅಂಗೈ ಸುಲಿಯುವ ತನಕ ಬಾರಿಸಿದೆ. ನನ್ನ ಹಿಂದೆ ನಿಂತಿದ್ದ ಹೆಂಗಸೊಬ್ಬಳು ಗಂಡನಿಗೆ, "ಇವರು ಎಷ್ಟು ಸಹಜವಾಗಿ ಮಾಡ್ತಾರೆ ನೋಡಿ" ಎಂದಳು. ಗೋಪುರದಿಂದ ಇಡೀ ಇಳಿಜಾರು ಕಾಣುತ್ತದೆ. ದಾರಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಮೇಲಿನ ತೋಟದಲ್ಲಿ ಅಕ್ಕ ಒಬ್ಬಳೇ ಬಲೆಯ ಒಂದು ಅಂಚು ಹಿಡಿದು ನಿಂತಿದ್ದಳು. ಆಚೆಯ ಅಂಚು ನೇತಾಡುತ್ತಿತ್ತು. ಅವಳು ಮತ್ತೆ ಮತ್ತೆ ದಾರಿಯ ಕಡೆ ತಿರುಗಿ ನೋಡಿದಳು. ಅವಳು ಯಾರನ್ನು ಹುಡುಕುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಬಾ ಮಾವ, ಬಾ ಮಾವ ಎಂದು ನಾನು ಗಂಟೆಯ ಜೊತೆ ಕಿರುಚುತ್ತಿದ್ದೆ. ಕೊನೆಗೆ ಅಕ್ಕ ಒಬ್ಬಳೇ ಎಳೆದಳು. ಬಲೆ ಹರಿಯಿತು. ಆಮೇಲೆ ಬಿಳಿಯ ಪರದೆ ಇಳಿದು ಏನೂ ಕಾಣಲಿಲ್ಲ.

ಆ ತೋಟ ಏನೆಂದು ತಮಗೆ ತಿಳಿದಿರಲಿ. ಭಾವ ತೀರಿಕೊಂಡ ಮೇಲೆ ಅಕ್ಕ ಹಳೆಯ ಬಳ್ಳಿಗಳನ್ನು ಕಿತ್ತು, ಓಟದ ಮಾವ ಕೊಟ್ಟ ಕಡ್ಡಿಗಳನ್ನು ಒಂದೊಂದಾಗಿ ನೆಟ್ಟು ಮಾಡಿದ್ದು. ಅಷ್ಟು ವರ್ಷ ಹಣ್ಣನ್ನು ದೊಡ್ಡ ಕಾರ್ಖಾನೆಗೆ ಹಾಕಿ ಬರುತ್ತಿದ್ದಳು, ಅಲ್ಲಿ ಯಾರದ್ದು ಯಾವ ಹಣ್ಣು ಎಂದು ಯಾರಿಗೂ ಗೊತ್ತಾಗದು. ಈ ವರ್ಷ ಮೊದಲ ಬಾರಿಗೆ ತನ್ನ ವೈನನ್ನು ತಾನೇ ಮಾಡುವವಳಿದ್ದಳು. ಪೀಪಾಯಿ ಸೋರಬಾರದೆಂದು ನೀರು ತುಂಬಿ ಹಲಗೆ ಉಬ್ಬಿಸಿ ಇಟ್ಟಿದ್ದಳು. ಆಲಿಕಲ್ಲು ಬರೀ ಗೊಂಚಲನ್ನು ಉದುರಿಸಲಿಲ್ಲ, ಮುಂದಿನ ವರ್ಷ ಚಿಗುರಬೇಕಾದ ಕಡ್ಡಿಯನ್ನೂ ಸೀಳಿತು.

ಮಾವ ಅಂದು ಜಗುಲಿಯ ಮಂಚದ ಮೇಲೆ ಮಲಗಿದ್ದರು. ಗಂಟೆ ಕೇಳಿಸಿತ್ತು. "ಪ್ರವಾಸಿಗರು ಇವತ್ತು ಯಾಕೋ ಜೋರಾಗಿದ್ದಾರೆ" ಎಂದು ಹೆಂಡತಿಗೆ ಹೇಳಿ ಮಗ್ಗುಲು ಬದಲಿಸಿದರಂತೆ. ಹೆಂಚಿನ ಮೇಲೆ ಮೊದಲ ಕಲ್ಲು ಬಿದ್ದ ಸದ್ದಿಗೆ ಎದ್ದು ಬರಿಗಾಲಲ್ಲಿ ಓಡಿದರು. ತಲೆಯಲ್ಲಿ ರಕ್ತ ಸುರಿಸಿಕೊಂಡು ಮೇಲೆ ಮುಟ್ಟಿದಾಗ ಎಲ್ಲ ಮುಗಿದಿತ್ತು. ಅಕ್ಕ ಅಂದದ್ದು ಒಂದೇ ಮಾತು: "ಇನ್ನು ಬರಬೇಡಿ ಮಾವ." ಅಂದಿನಿಂದ ಅವರೊಡನೆ ಮಾತಿಲ್ಲ. ಅವರು ದಿನಾ ಬೆಳಿಗ್ಗೆ ಬಂದು ಬೇಲಿಯ ಹೊರಗಿನಿಂದಲೇ ಸಡಿಲವಾದ ಗೂಟಗಳನ್ನು ನೆಟ್ಟಗೆ ಮಾಡಿ ಹೋಗುತ್ತಾರೆ. ಅವಳು ತಲೆ ಎತ್ತುವುದಿಲ್ಲ. ಊರಿನ ಮಕ್ಕಳು ಅವರನ್ನು ಓಟದ ಮಾವ ಎನ್ನುವುದನ್ನು ನಿಲ್ಲಿಸಿದ್ದಾರೆ, ಹಿರಿಯರು ಕಣ್ಣು ಬಿಟ್ಟು ಹೆದರಿಸಿದ್ದಾರೆ. ಆ ಮನುಷ್ಯನ ಹೆಸರನ್ನೂ ತಾವೇ ತಿಂದಿರಿ.

ತಮ್ಮ ಕಾರಿನ ಗಾಜೂ ಅಂದು ಒಡೆಯಿತೆಂದು ಕೇಳಿ ಅಳುವಿನ ನಡುವೆಯೂ ನನಗೆ ನಗು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ವಿಮೆಯವರು ಹೊಸ ಗಾಜು ಹಾಕಿಸಿಕೊಟ್ಟರೆಂದು ಗೊತ್ತಾಗಿ ನಗು ನಿಂತಿತು.

ಇಷ್ಟಾದ ಮೇಲಾದರೂ ತಾವು ಕೈಕಟ್ಟಿ ಕೂತಿದ್ದರೆ ನಾನು ಕಳ್ಳಿಯಾಗುತ್ತಿರಲಿಲ್ಲ. ಎಂಟನೆಯ ಬೋರ್ಡು ಬಂತು. ಅಕ್ಕನ ಬೇಲಿಗೇ ಹೊಡೆಸಿದಿರಿ: 'ಪ್ರಕೃತಿಯ ರೌದ್ರ ರೂಪ: ಇಲ್ಲಿ ನಿಂತು ಫೋಟೊ ತೆಗೆದುಕೊಳ್ಳಿ.' ಜನ ಬಂದರು. ಕ್ಯಾಮೆರಾ ಹಿಡಿದವನೊಬ್ಬ ಅಕ್ಕನಿಗೆ, "ಆ ಹರಿದ ಬಲೆ ಹಿಡ್ಕೊಂಡು ಸ್ವಲ್ಪ ಬೇಜಾರಲ್ಲಿ ನಿಲ್ತೀರಾ?" ಎಂದ. ಅಕ್ಕ ಬೈಯುತ್ತಾಳೆಂದು ಕಾದೆ. ಅವಳು ಬಲೆ ಹಿಡಿದು ನಿಂತಳು. ಹೇಳಿದ ಹಾಗೆ ನಿಂತಳು. ಒಬ್ಬ ಹೆಣ್ಣುಮಗಳ ಬೆನ್ನೆಲುಬು ಮುರಿದಿದೆ ಎಂದು ನನಗೆ ಗೊತ್ತಾದದ್ದು ಆಗ.

ಮರುದಿನ ಟಿಕೆಟ್ ಕೊಂಡು, ಸಾಲಲ್ಲಿ ನಿಂತು, ಗೋಪುರ ಹತ್ತಿದೆ. ಗಂಟೆಯ ನಾಲಗೆ ತೊಗಲಿನ ಪಟ್ಟಿಯಲ್ಲಿ ತೂಗುತ್ತದೆ, ಆ ಪಟ್ಟಿ ಹಾಕಿದವಳೇ ನಾನು. ಹಿಂದಿನ ಸರದಿಯವರು ಮೇಲೆ ಬರುವಷ್ಟರಲ್ಲಿ ಬಿಚ್ಚಿ, ದ್ರಾಕ್ಷಿ ಬುಟ್ಟಿಗೆ ಹಾಕಿ, ಮೇಲೊಂದು ಬಟ್ಟೆ ಹೊದಿಸಿದೆ. ಇಳಿದು ಬರುವಾಗ ಅದೇ ಗುಮಾಸ್ತ ಬುಟ್ಟಿ ಹಿಡಿಯಲು ಕೈ ಹಚ್ಚಿದ.

"ಏನಮ್ಮಾ ಇಷ್ಟು ಭಾರ?"

"ಹಳೇ ಕಬ್ಬಿಣ ಕಣಪ್ಪಾ."

"ಗುಜರಿಗಾ?"

"ಇಲ್ಲ, ಮನೆಗೆ."

ತಾವು ಸೋಲುವವರೇ? ಗೋಪುರಕ್ಕೆ ಧ್ವನಿವರ್ಧಕ ಕಟ್ಟಿಸಿದಿರಿ. ಈಗ ಗುಂಡಿ ಒತ್ತಿದರೆ ಸಾಕು, ಗಂಟೆಯ ಸದ್ದು ಮೊದಲಿಗಿಂತ ಜೋರಾಗಿ ಬರುತ್ತದೆ. ಪ್ರವಾಸಿಗರ ಅಂಗೈಯೂ ನೋಯುವುದಿಲ್ಲ. ಆಲಿಕಲ್ಲಿನ ಕಾಲ ಇನ್ನೂ ಮುಗಿದಿಲ್ಲ, ಅಂದು ಕಲ್ಲಿನ ಜೋರು ತಟ್ಟದೆ ಉಳಿದ ತೋಟಗಳಲ್ಲಿ ಇನ್ನೂ ಹಣ್ಣಿದೆ. ಮೋಡ ಕಂಡರೆ ನಾನು ಸೈಕಲ್ ಹತ್ತಿ ಬಾಗಿಲು ಬಾಗಿಲು ಬಡಿಯುತ್ತಿದ್ದೇನೆ. ಹೀಗೆ ಬಡಿಯುತ್ತ ಹೋದರೆ ಕೊನೆಯ ಬಾಗಿಲಿಗೆ ನನಗಿಂತ ಮೊದಲು ಆಲಿಕಲ್ಲೇ ಹೋಗಿರುತ್ತದೆ. ನಾಲಗೆ ವಾಪಸು ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವ ಹಿತೈಷಿಗಳಿಗೆ ಒಂದು ಪ್ರಶ್ನೆ: ಊರು ನಂಬದ ಗಂಟೆಗೆ ನಾಲಗೆ ಇದ್ದರೆಷ್ಟು, ಬಿಟ್ಟರೆಷ್ಟು?

ಆದ್ದರಿಂದ, ಮಾನ್ಯರೇ, ನಾನು ಕ್ಷಮೆ, ಸೌಹಾರ್ದ ಇತ್ಯಾದಿ ಪದಗಳನ್ನು ಬಳಸುವುದಿಲ್ಲ. ನನಗೆ ಸೇಡು ಬೇಕು, ಅದನ್ನು ತೀರಿಸಿಕೊಳ್ಳಲು ಶುರುಮಾಡಿದ್ದೇನೆ. ನೆಲಮಾಳಿಗೆ, ಪೀಪಾಯಿ, ತೊಟ್ಟಿ ಎಲ್ಲವೂ ಇರುವುದು ತೋಟದವರ ಜಾಗದಲ್ಲಿ, ತಮ್ಮ ಕಚೇರಿಯದು ಬೋರ್ಡು ಮಾತ್ರ. ಮನೆಮನೆಗೆ ಹೋಗಿ ಮಾತಾಡಿ ಬಂದಿದ್ದೇನೆ. ನಾಳೆ ಬೆಳಿಗ್ಗೆಯಿಂದ ಎಲ್ಲದಕ್ಕೂ ಬೀಗ ಬೀಳುತ್ತದೆ. ಬರುವ ಬಸ್ಸುಗಳಿಗೆ ತಾವು ಬೀಗಗಳನ್ನೇ ತೋರಿಸಿ, ಬೇಕಿದ್ದರೆ ಅದಕ್ಕೂ ಟಿಕೆಟ್ ಹರಿಯಿರಿ. ಪೊಲೀಸರು ನನ್ನನ್ನು ಕರೆದೊಯ್ದರೂ ಬೀಗ ತೆರೆಯುವುದಿಲ್ಲ, ಅವು ನನ್ನ ಕೈಯಲ್ಲಿಲ್ಲ.

ಬೀಗ ತೆಗೆಯಬೇಕಾದರೆ ಧ್ವನಿವರ್ಧಕ ಇಳಿಯಬೇಕು, ಅಕ್ಕನ ಬೇಲಿಯ ಬೋರ್ಡು ಕೀಳಬೇಕು, ಗೋಪುರ ತೋಟದವರ ವಶಕ್ಕೆ ಬರಬೇಕು. ಇವನ್ನೆಲ್ಲ ತಾವು ಆಳುಗಳಿಂದ ಮಾಡಿಸಬಹುದು. ಇನ್ನೊಂದನ್ನು ಮಾತ್ರ ಖುದ್ದಾಗಿ ಮಾಡಬೇಕು. ಬೆಳಿಗ್ಗೆ ಮಾವ ಬೇಲಿಯ ಹತ್ತಿರ ಇರುವ ಹೊತ್ತಿಗೆ, ಕಾರು ಕೆಳಗೇ ಬಿಟ್ಟು, ಆ ದಾರಿಯನ್ನು ಹತ್ತಿ ಬನ್ನಿ. ಅಕ್ಕ ಕೇಳುವ ಹಾಗೆ ಅವರಿಗೆ ಹೇಳಿ: "ನೀವು ಬರದಿದ್ದದ್ದು ನಿಮ್ಮ ತಪ್ಪಲ್ಲ, ನನ್ನದು." ಅಷ್ಟೇ. ಕಾರಣ, ವಿವರಣೆ, ಇಲಾಖೆಯ ಸುತ್ತೋಲೆ ಯಾವುದೂ ಬೇಡ. ಅಕ್ಕನ ಹತ್ತಿರ ಇರುವ ಸಿಟ್ಟು ಬೆಟ್ಟದಷ್ಟು. ತಮಗೆ ಸಲ್ಲಬೇಕಾದದ್ದನ್ನು ಆ ಮುದುಕ ದಿನಾ ಹೊತ್ತುಕೊಂಡು ಗುಡ್ಡ ಇಳಿಯುತ್ತಿದ್ದಾರೆ.

ಈ ಪತ್ರ ಕಳಿಸುವ ಮುಂಚೆ ಅಕ್ಕನನ್ನು ಕೇಳಿದೆ. "ಅವರು ಬಂದು ಹಾಗೆ ಹೇಳಿದರೆ ಮಾವನ ಹತ್ತಿರ ಮಾತಾಡ್ತೀಯಾ?"

ಅವಳು ಸೀಳಿದ ಕಡ್ಡಿಗಳನ್ನು ಕತ್ತರಿಸುತ್ತಲೇ ಇದ್ದಳು. ಆ ಸಾಲು ಪೂರ್ತಿ ಮುಗಿಸಿದ ಮೇಲೆ ಹೇಳಿದಳು.

"ಮಾತಾಡ್ತೀನಿ. ಒಳಗೆ ಕರೆದು ಊಟಾನೂ ಹಾಕ್ತೀನಿ. ಆ ಸಾಹೇಬರನ್ನ ಮಾತ್ರ ಬೇಲಿ ದಾಟಿಸಬೇಡ."

ದಾಟಿಸುವುದಿಲ್ಲ. ಹೊರಗೆ ನಿಂತೇ ಹೇಳಿ, ನಮಗೆ ಕೇಳಿಸುತ್ತದೆ.

ಇಂತಿ,
ತಮಗೆ ವಿಧೇಯಳಾಗುವ ವಯಸ್ಸು ದಾಟಿದ,
ಊರನ್ನು ಕೂಗಿ ಕರೆದರೂ ಯಾರೂ ಬಾರದ ಗಂಟೆಯವಳು