ಅರ್ಧ ಎಂ.ಎಲ್. ಹೆಚ್ಚು

ಫೆಬ್ರವರಿ ೧೧, ಬುಧವಾರ. ಬೈಲಹೊಂಗಲ.

ಶನಿವಾರ ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆ. ಟೈಟ್ರೇಶನ್‌ನಲ್ಲಿ ಎಲ್ಲರಿಗೂ ರೀಡಿಂಗ್ ೧೦.೨ ಬಂದರೆ ನನಗೊಬ್ಬಳಿಗೆ ಸೋಮವಾರದಿಂದ ೧೦.೭. ಲ್ಯಾಬಿನಲ್ಲಿ ನನ್ನೆದುರು ನಿಲ್ಲುವ ಮಧು ನನ್ನ ಬೀಕರಿನ ಆಸಿಡ್‌ಗೆ ಏನೋ ಬೆರೆಸುತ್ತಾಳೆ ಅಂದುಕೊಂಡು ಮಾತು ಬಿಟ್ಟಿದ್ದೆ. ನಿನ್ನೆ ಬೀಕರಿನ ಮೇಲೆ ನೋಟ್‌ಬುಕ್ ಮುಚ್ಚಿ ಹೋಗಿದ್ದೆ. ಬಂದು ನೋಡಿದರೆ ನೋಟ್‌ಬುಕ್ ಇಟ್ಟ ಹಾಗೇ ಇತ್ತು. ರೀಡಿಂಗ್ ಮತ್ತೆ ೧೦.೭.

ಇವತ್ತು ಅವಳೇ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಪ್ರಿಯಾ, ಫ್ಲಾಸ್ಕ್ ಯಾಕ ಆಸಿಡ್‌ನ್ಯಾಗ ಗಲಬರಸ್ತಿ? ಅದರಾಗ ಹತ್ತ ಹನಿ ಉಳದ್ರೂ ರೀಡಿಂಗ್ ಏರ್ತೈತಿ. ಬರೇ ನೀರಾಗ ತೊಳಿ."

ತೊಳೆದೆ. ೧೦.೨ ಬಂತು.

ಇದು ನಮ್ಮ ಮನೆಯ ಚಾಳಿ. ಅಜ್ಜಿ ಮಡಿನೀರು ತುಂಬುವಾಗ ಕೊಡವನ್ನು ಅದೇ ನೀರಿನಲ್ಲಿ ಗಲಬರಿಸಿ ಚೆಲ್ಲದೆ ತುಂಬುವವಳಲ್ಲ. ಬ್ಯೂರೆಟ್ಟಿಗೆ ಅದು ಸರಿ, ಪಿಪೆಟ್ಟಿಗೂ ಸರಿ. ಫ್ಲಾಸ್ಕಿಗೆ ಮಾತ್ರ ತಪ್ಪು. ಪುಸ್ತಕದಲ್ಲಿ ಓದಿಯೂ ಇದ್ದೆ, ಕೈ ಕೇಳಲಿಲ್ಲ.

ಆದರೂ ಸಂಶಯ ಹೋಗುತ್ತಿಲ್ಲ. ಮೂರು ದಿನ ಎದುರಿಗೇ ನಿಂತವಳಿಗೆ ಇವತ್ತೇ ಕಂಡಿತೇ? ಸೋಮವಾರವೇ ನೋಡಿ ಸುಮ್ಮನಿದ್ದಳೇ? ಬಸ್‌ಸ್ಟ್ಯಾಂಡಿನಲ್ಲಿ, ಸಂಪಗಾಂವದ ಬಸ್ಸಿಗೆ ನಿಂತಿದ್ದಾಗ, ಕೇಳಿಯೇ ಬಿಟ್ಟೆ.

"ಸೋಮವಾರನ ಕಂಡಿತ್ತು," ಅಂದಳು. "ನೀ ಮಾರಿ ತಿರುವಿ ನಿಂತಿದ್ದೆಲ್ಲ. ಹೆಂಗ ಹೇಳ್ಲಿ?"

ಎರಡು ದಿನ ತಡೆದಿದ್ದಾಳೆ, ಅಂದರೆ ನನ್ನ ಸಂಶಯ ಪೂರ್ತಿ ಸುಳ್ಳಲ್ಲ. ಹಾಗೆಂದು ಬರೆದುಕೊಂಡು ಸಮಾಧಾನ ಪಡೋಣವೆಂದು ಕುಳಿತೆ. ಆದರೆ ತಪ್ಪು ಅವಳದಾಗಿದ್ದು, ಮಾರಿ ತಿರುವಿದವಳೂ ಅವಳೇ ಆಗಿದ್ದರೆ, ನಾನು ಶನಿವಾರ ಮುಗಿಯುವವರೆಗೂ ಹೇಳುತ್ತಿರಲಿಲ್ಲ.