ಎದುರುಬದುರಿನ ಬೆಂಚುಗಳು

೯ ನವೆಂಬರ್, ಭಾನುವಾರ ಸಂಜೆ

ಮಗಳೇ,

ನೀನು, ಅಳಿಯ, ಪುಟ್ಟಿ ಮೂವರೂ ಆರೋಗ್ಯವಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ನಿನ್ನ ಪತ್ರಕ್ಕೆ ಉತ್ತರಿಸುವುದು ಐದು ವರ್ಷ ತಡವಾಯಿತು. ಕೆಲಸವಿತ್ತು ಎಂಬ ನೆಪವನ್ನು ನಿನ್ನೆದುರು ಹೇಳುವ ಮುಖ ನನಗಿಲ್ಲ. ಅಮ್ಮ ಹೋದ ಮೂರನೆಯ ದಿನವೇ ನಾನು ಯಾವುದೋ ಪಾರ್ಕಿನ ಸೈಟಿಗೆ ಹೊರಟಾಗ ನೀನು ಬರೆದಿದ್ದೆ: ‘ಊರಿನ ಸಂಸಾರಗಳನ್ನೆಲ್ಲ ಒಂದು ಕಡೆ ಕೂರಿಸೋದು ನಿಮ್ಮ ಕೆಲಸ. ನನ್ನ ಜೊತೆ ಒಂದು ವಾರ ಕೂರೋಕೆ ಆಗ್ಲಿಲ್ಲ ನಿಮಗೆ.’ ಪುಟ್ಟಿ ಹುಟ್ಟಿದ್ದು ನಿನ್ನ ಸೋದರತ್ತೆಯಿಂದ ತಿಳಿಯಿತು. ಫೋಟೋ ಕೊಟ್ಟವಳೂ ಅವಳೇ.

ನದಿಯಾಚೆ ನೀನು, ಈಚೆ ನಾನು. ಬಸ್ಸಿನಲ್ಲಿ ಐವತ್ತು ನಿಮಿಷದ ದಾರಿ. ಒಂದು ಭಾನುವಾರ ಪುಟ್ಟಿಯನ್ನು ಕರೆದುಕೊಂಡು ಬರುತ್ತೀಯಾ ಎಂದು ಕೇಳಲು ಈ ಪತ್ರ. ಮನೆಗೆ ಬೇಡವೆನಿಸಿದರೆ ಪಾರ್ಕಿಗೆ ಬಾ. ಹಳೆಯ ಗೋದಾಮಿದ್ದ ಜಾಗದಲ್ಲಿ ಪಾರ್ಕು ಮಾಡಿದ್ದೇವೆ. ನಕ್ಷೆ ನನ್ನದು.

ಅದರಲ್ಲಿ ನನಗಿದ್ದ ಹೆಮ್ಮೆಯೆಂದರೆ ಬೆಂಚುಗಳು. ಒಂಬತ್ತು ಜೊತೆ, ಎದುರುಬದುರು, ನಡುವೆ ಐದಡಿ ಅಂತರ. ಮುಖ ಕಂಡರೆ ಮಾತು ಹುಟ್ಟುತ್ತದೆ ಎಂಬುದು ನನ್ನ ವಾದ. ಕಾಂಕ್ರೀಟು ಹಾಕುವಾಗಲೇ ಮೇಸ್ತ್ರಿ ತಲೆ ಕೆರೆದುಕೊಂಡಿದ್ದ.

‘ಗಂಡ ಹೆಂಡ್ತೀನ ಎದುರುಬದುರು ಕೂರಿಸಿದ್ರೆ ಜಗಳ ಗ್ಯಾರಂಟಿ ಸಾರ್. ಇಬ್ರಿಗೂ ಒಂದೇ ಕಡೆ ಮುಖ ಮಾಡಿಸಿ, ಸಂಸಾರ ನಡಿಯುತ್ತೆ.’

‘ನಿನ್ನ ಮನೆ ಕಥೆ ಹೇಳ್ತಿದೀಯಾ?’ ಎಂದೆ.

‘ನಮ್ಮನೇಲಿ ಕುರ್ಚಿ ಇರೋದೇ ಒಂದು. ಅದರಲ್ಲಿ ಅವಳು ಕೂರ್ತಾಳೆ. ನಾನು ಸೈಟಲ್ಲಿರ್ತೀನಿ’ ಎಂದು ನಕ್ಕ. ನಾನು ನಗಲಿಲ್ಲ.

ಅವನ ಮಾತೇ ನಿಜವಾಯಿತು. ಪಾರ್ಕು ತೆರೆದ ಮೇಲೆ ಒಂದು ತಿಂಗಳು ಎಣಿಕೆ ಮಾಡುವುದು ನಮ್ಮ ಕಸುಬಿನ ಪದ್ಧತಿ. ಯಾರು ಬಂದರು, ಎಲ್ಲಿ ಕೂತರು, ಎಷ್ಟು ಹೊತ್ತು, ಯಾರ ಜೊತೆ ಎಂದು ಹಾಳೆಯಲ್ಲಿ ತುಂಬಬೇಕು. ಹಾಳೆಯ ಮೇಲೆಯೇ ಒಂದು ನಿಯಮ ಬರೆದಿದೆ: ಎಣಿಸುವವನು ಯಾರನ್ನೂ ಮಾತಾಡಿಸುವಂತಿಲ್ಲ. ಮಾತಾಡಿಸಿದರೆ ಅವರು ಕೂರುವ ರೀತಿಯೇ ಬದಲಾಗುತ್ತದೆ. ಭಾನುವಾರಗಳನ್ನು ನಾನು ವಹಿಸಿಕೊಂಡೆ. ಮನೆಯಲ್ಲಿ ಭಾನುವಾರ ಬಹಳ ಉದ್ದ.

ಹಾಳೆಗಳು ಹೇಳುವುದಿಷ್ಟು: ಒಂದು ಬೆಂಚಿನಲ್ಲಿ ಯಾರಾದರೂ ಕೂತರೆ ಎದುರಿನದು ಖಾಲಿಯೇ ಉಳಿಯುತ್ತದೆ. ಜನ ಸೇರುವುದು ಕುಡಿಯುವ ನೀರಿನ ನಲ್ಲಿಯ ಪಕ್ಕದ ಗಿಡ್ಡ ಗೋಡೆಯ ಮೇಲೆ. ಅದು ನಕ್ಷೆಯಲ್ಲಿ ಇರಲೇ ಇಲ್ಲ. ಮಣ್ಣು ಜಾರದಿರಲಿ ಎಂದು ಮೇಸ್ತ್ರಿ ಕಟ್ಟಿದ್ದು. ಅಲ್ಲಿಗೆ ದಿನವೂ ಇಬ್ಬರು ಬೀಗಿತ್ತಿಯರು ಬರುತ್ತಾರೆ. ಒಬ್ಬರು ಮೊಮ್ಮಗನನ್ನು ಕರೆತರುತ್ತಾರೆ, ಇನ್ನೊಬ್ಬರು ಕರೆದೊಯ್ಯುತ್ತಾರೆ. ನಡುವೆ ಒಂದು ಗಂಟೆ ಕಾದಾಟ.

‘ನೋಡಿ, ನಿಮ್ಮ ಮೊಮ್ಮಗ ಚಪ್ಪಲಿ ಬಿಸಾಕಿದ.’

‘ಬಿಸಾಕಿದಾಗ ನನ್ನ ಮೊಮ್ಮಗ, ಪದ್ಯ ಹೇಳಿದಾಗ ನಿಮ್ಮ ಮೊಮ್ಮಗ, ಅಲ್ವಾ?’

‘ಮತ್ತೆ? ಪದ್ಯ ನಿಮ್ಮ ಕಡೆಯೋರಿಗೆ ಯಾರಿಗೆ ಬರುತ್ತೆ?’

ಇಬ್ಬರೂ ಒಂದೇ ಕಡೆ ಮುಖ ಮಾಡಿ, ಮಗುವನ್ನು ನೋಡುತ್ತ ಬೈದುಕೊಳ್ಳುತ್ತಾರೆ. ಅವರನ್ನು ನೋಡಿದ ಮೇಲೆ ಅರ್ಧ ಬೆಂಚುಗಳನ್ನು ತಿರುಗಿಸಿ ಹಾಕಲು ಹೇಳಿದೆ. ಮೇಸ್ತ್ರಿ ಟೇಪು ತೆಗೆದು ಅಳತೆ ಹಿಡಿಯತೊಡಗಿದ. ‘ನಾನು ಆಗ್ಲೇ ಹೇಳಿದ್ನಲ್ಲಾ’ ಎಂದಿದ್ದರೆ ವಾಸಿಯಿತ್ತು.

ಮನೆಯಲ್ಲಿ ವಿಶೇಷವೇನಿಲ್ಲ. ಊಟದ ಮೇಜನ್ನು ಗೋಡೆಗೆ ಒತ್ತಿಸಿಟ್ಟಿದ್ದೇನೆ, ಓಡಾಡಲು ಜಾಗವಾಯಿತು. ಕಣ್ಣಿನ ಡಾಕ್ಟರು ಕನ್ನಡಕ ಬದಲಿಸಿದ್ದಾರೆ. ಹೊಸದರಲ್ಲಿ ದೂರದ್ದು ಚೆನ್ನಾಗಿ ಕಾಣುತ್ತದೆ.

ಅಳಿಯನಿಗೆ ನನ್ನ ನೆನಪು ತಿಳಿಸು. ಪುಟ್ಟಿಗೆ ತುಂಬು ಆಯುಸ್ಸಿರಲಿ. ನೀನು ಸುಖವಾಗಿರು, ಕೋಪ ಉಳಿದಿದ್ದರೆ ಅದನ್ನಿಟ್ಟುಕೊಂಡೇ ಸುಖವಾಗಿರು.

ನಿನ್ನ
ಅಪ್ಪ

ಇಷ್ಟು ಬರೆದು ಲಕೋಟೆಗೆ ಹಾಕಿದವನು ಮತ್ತೆ ತೆಗೆದೆ. ನೀನೂ ಪುಟ್ಟಿಯೂ ಪಾರ್ಕಿಗೆ ಬಂದದ್ದು ನನಗೆ ಗೊತ್ತು. ಹೋದ ತಿಂಗಳ ಕೊನೆಯ ಭಾನುವಾರ, ಮೂರೂವರೆಗೆ. ನನ್ನನ್ನು ಹುಡುಕಿಕೊಂಡು ಬಂದೆಯೋ, ಸುಮ್ಮನೆ ಬಂದೆಯೋ ತಿಳಿಯದು. ಗೇಟಿನಲ್ಲಿ ನಿನ್ನ ನಡಿಗೆ ಕಂಡ ಕೂಡಲೇ ಟೋಪಿ ಕೆಳಗೆಳೆದುಕೊಂಡು ಹಾಳೆಯ ಮೇಲೆ ಬಾಗಿದೆ. ಪುಟ್ಟಿ ತಾನಾಗಿ ಹತ್ತಿರ ಬಂದಳು.

‘ತಾತ, ಏನ್ ಬರೀತಿದೀರಾ?’

ದಾರಿಯಲ್ಲಿ ಸಿಗುವ ಮುದುಕರನ್ನೆಲ್ಲ ಹಾಗೆ ಕರೆಯಲು ನೀನೇ ಕಲಿಸಿರಬೇಕು. ‘ಬಂದೋರನ್ನ ಎಣಿಸ್ತಿದೀನಿ’ ಎಂದೆ.

‘ನನ್ನೂ ಎಣಿಸಿದ್ರಾ?’

ಹೌದೆಂದು ತಲೆಯಾಡಿಸಿದೆ. ಅಷ್ಟರಲ್ಲಿ ನೀನು ದೂರದಿಂದ ಕರೆದೆ: ‘ಅವರು ಕೆಲಸ ಮಾಡ್ತಿದಾರೆ, ತೊಂದರೆ ಕೊಡಬೇಡ ಬಾ.’ ನಿನ್ನ ಅಮ್ಮ ನಿನಗೆ ಹೇಳುತ್ತಿದ್ದ ಮಾತು, ಅದೇ ದನಿ. ನನ್ನ ಗುರುತು ಹಿಡಿದು ಹಾಗೆಂದೆಯೋ, ಹಿಡಿಯದೆ ಅಂದೆಯೋ, ಅದೊಂದನ್ನು ಬರೆ.

ನಲವತ್ತು ನಿಮಿಷ ಇದ್ದಿರಿ. ಮಾತಾಡಿಸಬಾರದೆಂಬ ನಿಯಮ ಮಾಡಿದವನು ನಾನೇ ಮಗಳೇ, ಮುರಿಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.