ಹಿಂದಿನ ಕೋಣೆಯ ಕರಾರು

ಮಂಗಳವಾರ, ಮಧ್ಯಾಹ್ನ
ಲಾಂಡ್ರಿ ಅಂಗಡಿಯಿಂದ

ಗುಬ್ಬಿಯ ಅಪ್ಪನಿಗೆ,

'ಪ್ರೀತಿಯ' ಎಂದು ಶುರು ಮಾಡಲು ಕೈ ಬರಲಿಲ್ಲ, 'ಮಾನ್ಯರೇ' ಎಂದರೆ ನನಗೇ ನಗು ಬರುತ್ತದೆ. ಅದಕ್ಕೇ ನಮ್ಮಿಬ್ಬರ ನಡುವೆ ಉಳಿದಿರುವ ಒಂದೇ ನಂಟಾದ ಮಗಳ ಹೆಸರು ಹಿಡಿದು ಕರೆದಿದ್ದೇನೆ. ಕ್ಷೇಮವೇ ಎಂದು ಕೇಳುವುದಿಲ್ಲ. ಕಾಲು ಮುರಿದುಕೊಂಡವರನ್ನು ಹಾಗೆ ಕೇಳಿದರೆ ಅಣಕಿಸಿದಂತಾಗುತ್ತದೆ.

ನಿಮ್ಮ ಕಾಗದ ಬ್ರೋಕರ್ ಕೈಯಲ್ಲಿ ಬಂತು. ಮೂರನೇ ಮಹಡಿ ಹತ್ತಲು ಆಗುತ್ತಿಲ್ಲ, ಲಾರಿ ಕೆಲಸ ಬಿಟ್ಟ ಡ್ರೈವರನಿಗೆ ಕೆಳಗಿನ ಮನೆ ಯಾರೂ ಕೊಡುತ್ತಿಲ್ಲ, ನನ್ನ ಅಂಗಡಿಯ ಹಿಂದಿನ ಕೋಣೆ ಖಾಲಿ ಇದೆಯಂತೆ. ಋಣವಿಲ್ಲ, ಹಂಗಿಲ್ಲ, ಬರೀ ಬಾಡಿಗೆ ಎಂದು ಬರೆದಿದ್ದೀರಿ. ಎಷ್ಟು ಸಲೀಸು ನಿಮಗೆ!

ಬೆಳಿಗ್ಗೆ ಬ್ರೋಕರ್ ಕರಾರು ಪತ್ರವನ್ನು ಇಸ್ತ್ರಿ ಮೇಜಿನ ಮೇಲೇ ಹರಡಿದ. ಎಲ್ಲ ಟೈಪಾಗಿತ್ತು. ಮನೆ ಬಿಡುವ ಮೊದಲು ಬಾಡಿಗೆದಾರ ಎಷ್ಟು ತಿಂಗಳ ನೋಟಿಸು ಕೊಡಬೇಕು ಎನ್ನುವಲ್ಲಿ ಮಾತ್ರ ಜಾಗ ಖಾಲಿ. ಒಂದು ತಿಂಗಳು ಹಾಕೋಣ ಅಕ್ಕಾ, ಎಲ್ರೂ ಅಷ್ಟೇ ಹಾಕೋದು ಅಂದ. ಯಾರದೋ ಬಿಳಿ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಮರೆತು ನಿಂತುಬಿಟ್ಟೆ. ಈ ಕಸುಬಿಗೆ ಬಂದ ಮೇಲೆ ಗಿರಾಕಿಯ ಬಟ್ಟೆ ಸುಟ್ಟಿದ್ದು ಇದೇ ಮೊದಲು.

ಹೋದ ಸಲ ನೀವು ಯಾವ ನೋಟಿಸು ಕೊಟ್ಟಿರಿ? ನಾನು ಬಟ್ಟೆ ತಲುಪಿಸಿ ಬರುವಷ್ಟರಲ್ಲಿ ಹೇಳದೆ ಕೇಳದೆ ಹೊರಟಿದ್ದಿರಿ. ಗುಬ್ಬಿಗೆ ಆಗ ನಾಲ್ಕು ವರ್ಷ. ಅಂಗಡಿ ಬಾಗಿಲಿನ ಗಂಟೆ ಸದ್ದಾದಾಗಲೆಲ್ಲ ತಲೆ ಎತ್ತುತ್ತಿದ್ದಳು. ಗಿರಾಕಿ ಎಂದು ಗೊತ್ತಾದರೆ ಮತ್ತೆ ಗುಂಡಿ ಡಬ್ಬಿ ಹಿಡಿದು ಕೂರುತ್ತಿದ್ದಳು. ಒಂದು ಮಳೆಗಾಲ, ಅರ್ಧ ಚಳಿಗಾಲ ಹೀಗೇ ನಡೆಯಿತು. ಕೊನೆಗೆ ನಾನೇ ಗಂಟೆಯ ನಾಲಿಗೆಗೆ ಚಿಂದಿ ಸುತ್ತಿದೆ.

ಆ ಲೆಕ್ಕದಲ್ಲೇ ಆರು ತಿಂಗಳು ಹಾಕು ಅಂದೆ. ಬ್ರೋಕರ್ ಹಣೆ ಚಚ್ಚಿಕೊಂಡ. ಒಂದು ಕೋಣೆಗೆ ಯಾರಕ್ಕಾ ಆರು ತಿಂಗಳು ಕೇಳ್ತಾರೆ ಅಂತ ನಕ್ಕ. ಅದರ ಕೆಳಗೆ ಇನ್ನೊಂದು ಸಾಲು ಬರೆಸಿದೆ: ಬಾಡಿಗೆದಾರ ಹೋಗುವುದಾದರೆ ಮಗಳನ್ನು ಎದುರಿಗೆ ಕೂರಿಸಿಕೊಂಡು, ಹಾಡುಹಗಲೇ, ತನ್ನ ಬಾಯಿಂದಲೇ ಹೇಳಿ ಹೋಗತಕ್ಕದ್ದು. ಇದೆಲ್ಲ ಕಾನೂನಿನಲ್ಲಿ ನಿಲ್ಲಲ್ಲ ಅಂದ. ನಿಲ್ಲದಿದ್ದರೆ ಮಲಗಲಿ, ನೀನು ಬರಿ ಅಂದೆ.

ಇದೆಲ್ಲ ಅವಳಿಗಾಗಿ, ತಿಳಿಯಿತೇ? ನನಗೆ ಯಾವ ನೋಟಿಸೂ ಬೇಡ. ನಾನು ಕಲ್ಲಾಗಿ ಬಹಳ ಕಾಲವಾಯಿತು. ಒಂದು ತಿಂಗಳೊಳಗೆ ಒಯ್ಯದ ಬಟ್ಟೆಗೆ ನಾವು ಹೊಣೆಯಲ್ಲ ಎಂದು ಗೋಡೆಯ ಮೇಲೆ ನಾನೇ ಬರೆಸಿ ಹಾಕಿದ್ದೇನೆ, ಬಂದಾಗ ನೋಡುವಿರಂತೆ. ನಿಮ್ಮ ಬೂದು ಕೋಟು ಕೊನೆಯ ಕೊಕ್ಕೆಯಲ್ಲಿದೆ. ಜಾಗ ಸಾಲದೆ ಪರದಾಡುತ್ತೇನೆ. ಯಾಕೆ ಬಿಸಾಡಲಿಲ್ಲ ಎಂದು ಮಾತ್ರ ಕೇಳಬೇಡಿ.

ಬನ್ನಿ ಎನ್ನಲು ಭಯ, ಬೇಡ ಎನ್ನಲು ಬಾಯಿಲ್ಲ. ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಯೋಚಿಸಿ ಹೇಳೋಣವೆಂದಿದ್ದೆ, ಅಷ್ಟರಲ್ಲಿ ಆ ಬಾಯಿಬಡುಕ ಬ್ರೋಕರ್ ಗುಬ್ಬಿಯ ಮುಂದೆ ನಿಮ್ಮಪ್ಪ ಬರ್ತಾರೆ ಪುಟ್ಟಿ ಎಂದುಬಿಟ್ಟ. ಆಗಿನಿಂದ ಕೋಣೆ ಗುಡಿಸುತ್ತಿದ್ದಾಳೆ. ಗುಡಿಸಿದ್ದನ್ನೇ ಗುಡಿಸುತ್ತಾಳೆ. ತನ್ನ ದಿಂಬನ್ನು ಒಯ್ದು ಅಲ್ಲಿಟ್ಟಿದ್ದಾಳೆ, ಅಪ್ಪನ ಕಾಲಿನ ಕೆಳಗೆ ಇಡಲಿಕ್ಕಂತೆ. ಬಂದವರು ಮತ್ತೆ ಹೋಗಲೂಬಹುದು ಎಂದು ಅವಳಿಗೆ ಹೇಳಬೇಕಿತ್ತು. ಬಾಗಿಲ ತನಕ ಹೋಗಿ ಹಿಂದಕ್ಕೆ ಬಂದೆ.

ಆರು ತಿಂಗಳು ಒಪ್ಪಿಗೆಯಿದ್ದರೆ ಸಹಿ ಮಾಡಿ. ಇಲ್ಲವಾದರೆ ದಯವಿಟ್ಟು ಬರಲೇಬೇಡಿ.

ಇಂತಿ,
ಕರಾರಿನ ಪ್ರಕಾರ ಮನೆಯ ಮಾಲೀಕಳು

ಮರೆತ ಮಾತು: ಮಾಲೀಕಳಾದ ನಾನು ನಿಮ್ಮಿಂದ ಕೋಣೆ ಬಿಡಿಸಬೇಕಾದರೆ ಎಷ್ಟು ತಿಂಗಳ ನೋಟಿಸು ಎಂದು ಇನ್ನೊಂದು ಸಾಲೂ ಇತ್ತು. ಅದನ್ನು ಪೂರ್ತಿ ಹೊಡೆದುಹಾಕಿಸಿದೆ. ನಾಳೆ ಜಗಳ ಆದ್ರೆ ಇವರನ್ನ ಕಳಿಸೋಕೆ ನಿಮ್ಮ ಕೈಯಲ್ಲಿ ಏನೂ ಇರಲ್ಲ ಅಕ್ಕಾ ಅಂತ ಬ್ರೋಕರ್ ಎಚ್ಚರಿಸಿದ. ಈಗ ತಾನೇ ನನ್ನ ಕೈಯಲ್ಲಿ ಏನಿದೆ ಅಂದೆ.